ಜಂತಿನ ಔಷಧ ಇಡೀ ಮಂದೆಗೋ, ಬೇಕಾದ ಕುರಿಗೆ ಮಾತ್ರವೋ?

ಔಷಧದ ಬಾಟಲಿ ಕೈಯಲ್ಲಿದೆ. ಎದುರಿಗೆ ನಲವತ್ತು ಕುರಿ ನಿಂತಿವೆ. ಸಾಲಾಗಿ ಎಲ್ಲದರ ಬಾಯಿಗೂ ಹಾಕಿಬಿಟ್ಟರೆ ಮೂರು ತಿಂಗಳು ನಿಶ್ಚಿಂತೆ ಅನ್ನಿಸುತ್ತದೆ ಅಲ್ವಾ? ನಾನೂ ಕೆಲವು ವರ್ಷ ಹೀಗೇ ಮಾಡಿದೆ. ಮೊದಮೊದಲು ಕುರಿಗಳು ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದವು. ಆಮೇಲೆ ಅದೇ ಔಷಧ, ಅದೇ ಅಳತೆ, ಆದರೂ ಕೆಲವೇ ವಾರಗಳಲ್ಲಿ ಮತ್ತೆ ಗದ್ದದ ಕೆಳಗೆ ನೀರು ತುಂಬಿದ ಬಾವು. ಔಷಧ ಕೊಟ್ಟು ಎರಡು ವಾರದ ಮೇಲೆ ಹಿಕ್ಕೆ ಪರೀಕ್ಷೆ ಮಾಡಿಸಿದರೆ, ಹುಳುವಿನ ಮೊಟ್ಟೆಗಳ ಸಂಖ್ಯೆ ಅರ್ಧದಷ್ಟೂ ಇಳಿದಿರಲಿಲ್ಲ.

ಅಂದಿನಿಂದ ನಾನು ‘ಯಾವ ಔಷಧ ಒಳ್ಳೆಯದು’ ಎಂದು ಮೊದಲು ಕೇಳುವುದನ್ನು ಬಿಟ್ಟೆ. ಯಾವ ಕುರಿಗೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎನ್ನುವುದು ಮೊದಲ ಪ್ರಶ್ನೆ. ಅದಕ್ಕೆ ಮೂರು ದಾರಿ ಇವೆ. ಕ್ಯಾಲೆಂಡರ್ ನೋಡಿ ಎಲ್ಲಕ್ಕೂ ಕೊಡುವುದು, ಕಣ್ಣಿನ ಬಣ್ಣ ನೋಡಿ ಆರಿಸಿ ಕೊಡುವುದು, ಹಿಕ್ಕೆಯಲ್ಲಿ ಮೊಟ್ಟೆ ಎಣಿಸಿ ತೀರ್ಮಾನಿಸುವುದು. ಯಾವುದು ಯಾರಿಗೆ ಸರಿ ಎಂದು ಹೇಳುವ ಮೊದಲು ಹುಳುವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳೋಣ.

ರಕ್ತ ಹೀರುವ ಹುಳು, ಭೇದಿ ತರುವ ಹುಳು

ಕುರಿ ಮೇಕೆಗಳ ಹೊಟ್ಟೆಯಲ್ಲಿ ಹಲವು ಬಗೆಯ ದುಂಡು ಹುಳುಗಳು ಇರುತ್ತವೆ. ಅವುಗಳಲ್ಲಿ ಬೆಚ್ಚನೆಯ, ತೇವದ ಹವೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜೀವ ತೆಗೆಯುವುದು ಹಿಮೋಂಕಸ್ ಕಂಟಾರ್ಟಸ್. ಇದರ ವಾಸ ನಾಲ್ಕನೇ ಹೊಟ್ಟೆಯಲ್ಲಿ. ಹೆಣ್ಣು ಹುಳು 2ರಿಂದ 3 ಸೆಂಟಿಮೀಟರ್ ಉದ್ದ. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿ ಅಂಡಕೋಶ ಹಗ್ಗದಂತೆ ಹೆಣೆದುಕೊಂಡಿರುತ್ತದೆ. ಸತ್ತ ಕುರಿಯ ಹೊಟ್ಟೆ ಬಿಡಿಸಿದರೆ ಬರಿಗಣ್ಣಿಗೇ ಕಾಣುತ್ತದೆ.

ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ. ಕೇಳಲು ಏನೂ ಅಲ್ಲ. ಆದರೆ 2,000 ಹುಳು ಇದ್ದರೆ ದಿನಕ್ಕೆ 100 ಮಿಲಿಲೀಟರ್ ಆಯಿತು. 30 ಕಿಲೋ ತೂಗುವ ಕುರಿಯ ಮೈಯಲ್ಲಿ ಇರುವ ಒಟ್ಟು ರಕ್ತವೇ ಸುಮಾರು 2 ಲೀಟರ್. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು ದಿನಾ ಹೋಗುತ್ತಿದೆ. ರಕ್ತದ ಜೊತೆ ಪ್ರೋಟೀನ್ ಕೂಡ ಹೋಗುತ್ತದೆ. ಹಾಗಾಗಿ ನೀರು ರಕ್ತನಾಳದಿಂದ ಹೊರಗೆ ಜಿನುಗಿ ಗದ್ದದ ಕೆಳಗೆ ಇಳಿದು ನಿಲ್ಲುತ್ತದೆ. ಆ ಬಾವು ಬರುವುದು ಇದಕ್ಕೇ.

ಈ ಹುಳುವಿನಿಂದ ಸಾಮಾನ್ಯವಾಗಿ ಭೇದಿ ಆಗುವುದಿಲ್ಲ. ಹಿಕ್ಕೆ ಗಟ್ಟಿಯಾಗೇ ಇರುತ್ತದೆ. ಭೇದಿ ಇಲ್ಲ, ಹಾಗಾಗಿ ಜಂತು ಇಲ್ಲ ಎಂದುಕೊಂಡು ಎಷ್ಟೋ ಜನ ಮೋಸ ಹೋಗುತ್ತಾರೆ. ಭೇದಿ, ಬಾಲದ ಸುತ್ತ ಕೊಳೆ, ನಿಧಾನಕ್ಕೆ ಸೊರಗುವುದು, ಇವು ಟ್ರೈಕೋಸ್ಟ್ರಾಂಗೈಲಸ್, ಟೆಲಡೋರ್ಸೇಜಿಯಾ ಮೊದಲಾದ ಹುಳುಗಳ ಲಕ್ಷಣ. ಇವು ತಂಪು ಹವೆಯಲ್ಲಿ ಜಾಸ್ತಿ. ನಿಮ್ಮ ಮಂದೆಯಲ್ಲಿ ಯಾವ ಹುಳುವಿನ ಕಾಟ ಎನ್ನುವುದರ ಮೇಲೆಯೇ ಕೆಳಗಿನ ಆಯ್ಕೆ ನಿಂತಿದೆ.

ಇನ್ನೊಂದು ವಿಷಯ. ಹುಳು ಎಲ್ಲ ಕುರಿಗಳಲ್ಲೂ ಸಮನಾಗಿ ಇರುವುದಿಲ್ಲ. ಮಂದೆಯ 20ರಿಂದ 30 ಶೇಕಡಾ ಕುರಿಗಳಲ್ಲೇ ಸುಮಾರು 80 ಶೇಕಡಾ ಹುಳು ತುಂಬಿರುತ್ತದೆ. ಉಳಿದವು ಒಂದಷ್ಟು ಹುಳು ಹೊತ್ತುಕೊಂಡೇ ಮೈ ತುಂಬಿಕೊಂಡು ಓಡಾಡುತ್ತಿರುತ್ತವೆ.

ಎಲ್ಲಕ್ಕೂ ಕೊಟ್ಟರೆ ಆಗುವುದೇನು

ಕ್ಯಾಲೆಂಡರ್ ಪದ್ಧತಿಯ ಅನುಕೂಲ ಸುಲಭವಾಗಿ ಗೊತ್ತಾಗುತ್ತದೆ. ಒಂದೇ ದಿನದ ಕೆಲಸ. ಯಾವ ಕುರಿಯನ್ನೂ ಪರೀಕ್ಷಿಸಬೇಕಿಲ್ಲ, ತಪ್ಪಿಹೋಗುವ ಭಯವಿಲ್ಲ. ಔಷಧ ಹೊಸದಾಗಿದ್ದಾಗ ಇದು ಚೆನ್ನಾಗಿ ಕೆಲಸ ಮಾಡಿತು ಕೂಡ.

ತೊಂದರೆ ಶುರುವಾಗುವುದು ಔಷಧಕ್ಕೆ ಸಾಯದೆ ಉಳಿಯುವ ಹುಳುಗಳಿಂದ. ಎಲ್ಲ ಕುರಿಗೂ ಔಷಧ ಬಿದ್ದ ಮೇಲೆ ಮೂರು ವಾರ ಹುಲ್ಲಿಗೆ ಬೀಳುವ ಮೊಟ್ಟೆಗಳೆಲ್ಲ ಆ ಗಟ್ಟಿ ಹುಳುಗಳದ್ದೇ. ಒಂದು ಹೆಣ್ಣು ಹಿಮೋಂಕಸ್ ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಮರಿ ಹುಳು ಕುರಿಯ ಹೊಟ್ಟೆ ಸೇರಿ ಮತ್ತೆ ಮೊಟ್ಟೆ ಇಡಲು ಸುಮಾರು 3 ವಾರ ಸಾಕು. ಹೀಗೆ ಪ್ರತಿ ಸುತ್ತಿನಲ್ಲೂ ಗಟ್ಟಿ ಹುಳುಗಳ ಪಾಲು ಬೆಳೆಯುತ್ತದೆ. ಥಯಾಬೆಂಡಜೋಲ್ ಎಂಬ ಜಂತಿನ ಔಷಧ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಅದಕ್ಕೆ ಬಗ್ಗದ ಹಿಮೋಂಕಸ್ ವರದಿಯಾದದ್ದು 1964ರಲ್ಲಿ. ಮೊನೆಪಾಂಟೆಲ್ ಎಂಬ ಇನ್ನೊಂದು ಔಷಧ 2009ರಲ್ಲಿ ನ್ಯೂಜಿಲೆಂಡ್‌ನಲ್ಲಿ ಬಂತು. ಅಲ್ಲೇ 2013ರ ಹೊತ್ತಿಗೆ ಅದಕ್ಕೂ ಸಾಯದ ಹುಳುಗಳ ವರದಿ ಬಂತು. ಐವರ್ಮೆಕ್ಟಿನ್‌ಗೆ ದಾರಿ ಮಾಡಿದ ಸಂಶೋಧನೆಗಾಗಿ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂದಾಗ, ಅದಕ್ಕೆ ಬಗ್ಗದ ಕುರಿ ಹುಳುಗಳು ಹಲವು ದೇಶಗಳಲ್ಲಿ ಆಗಲೇ ಬೇರೂರಿದ್ದವು.

ಹಾಗಾದರೆ ತಡೆಯುವುದು ಹೇಗೆ? ಒಂದಷ್ಟು ಹುಳುಗಳನ್ನು ಔಷಧ ಮುಟ್ಟದಂತೆ ಬೇಕೆಂದೇ ಉಳಿಸುವುದರಿಂದ. ಸಂಶೋಧಕರು ಇದನ್ನು ರೆಫ್ಯೂಜಿಯಾ ಎನ್ನುತ್ತಾರೆ. ಔಷಧ ಕೊಡದ ಕುರಿಯೊಳಗಿನ ಹುಳು, ಹುಲ್ಲಿನ ಮೇಲಿರುವ ಮರಿ ಹುಳು, ಎರಡೂ ಇದರಲ್ಲಿ ಸೇರುತ್ತವೆ. ಇವು ಔಷಧಕ್ಕೆ ಸಾಯುವ ಸಾಧಾರಣ ಹುಳುಗಳು. ಇವುಗಳ ಮೊಟ್ಟೆ ಗಟ್ಟಿ ಹುಳುಗಳ ಮೊಟ್ಟೆಯ ಜೊತೆ ಬೆರೆತು, ಗಟ್ಟಿ ಜಾತಿಯನ್ನು ತೆಳು ಮಾಡುತ್ತವೆ. ಮಜ್ಜಿಗೆಗೆ ನೀರು ಬೆರೆಸಿದ ಹಾಗೆ. ನನಗೆ ಇದನ್ನು ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು. ಹುಳುವನ್ನು ಉಳಿಸುವುದೇ ಮಂದೆಯನ್ನು ಉಳಿಸುವ ದಾರಿ ಎಂದರೆ ಯಾರಿಗೇ ಆಗಲಿ ಮನಸ್ಸು ಒಪ್ಪುವುದಿಲ್ಲ.

ಅದಕ್ಕೇ ಒಂದು ಹಳೆಯ ಸಲಹೆಯನ್ನು ಈಗ ತಲೆಕೆಳಗು ಮಾಡಬೇಕಾಗಿದೆ. ‘ಔಷಧ ಕೊಡಿ, ಕೂಡಲೇ ಹೊಸ ಹುಲ್ಲಿಗೆ ಹೊಡೆಯಿರಿ’ ಎನ್ನುತ್ತಿದ್ದರು. ಇಡೀ ಮಂದೆಗೆ ಕೊಟ್ಟು ಹಾಗೆ ಮಾಡಿದರೆ, ಶುದ್ಧವಾದ ಹುಲ್ಲಿನ ಮೇಲೆ ಬೀಳುವುದು ಗಟ್ಟಿ ಹುಳುವಿನ ಬೀಜ ಮಾತ್ರ.

ಕಣ್ಣು ನೋಡಿ ಕೊಡುವುದು

ದಕ್ಷಿಣ ಆಫ್ರಿಕಾದಲ್ಲಿ ಔಷಧಗಳು ಒಂದೊಂದಾಗಿ ಕೈಕೊಟ್ಟಾಗ ಅಲ್ಲಿಯ ಪಶುವೈದ್ಯರು 1990ರ ದಶಕದಲ್ಲಿ ಒಂದು ಸರಳ ಉಪಾಯ ಕಂಡುಕೊಂಡರು. ಹೆಸರು ಫಮಾಚಾ. ಫಾಫಾ ಮಲಾನ್ ಎಂಬ ಪಶುವೈದ್ಯರ ಹೆಸರಿನ ಮೊದಲಕ್ಷರಗಳಿಗೆ ಚಾರ್ಟ್ ಎಂಬುದರ ಅಕ್ಷರ ಸೇರಿಸಿ ಮಾಡಿದ ಹೆಸರು ಅದು. ಕುರಿಯ ಕೆಳ ರೆಪ್ಪೆಯ ಒಳಭಾಗದ ಬಣ್ಣವನ್ನು ಒಂದು ಕಾರ್ಡಿನ ಐದು ಬಣ್ಣಗಳಿಗೆ ಹೋಲಿಸಿ ನೋಡಬೇಕು. 1 ಎಂದರೆ ಗಾಢ ಕೆಂಪು. 5 ಎಂದರೆ ಕಾಗದದಂತೆ ಬಿಳಿ. 1 ಮತ್ತು 2ಕ್ಕೆ ಔಷಧ ಬೇಡ. 4 ಮತ್ತು 5ಕ್ಕೆ ಕೊಡಲೇಬೇಕು. 3 ಬಂದರೆ ಕುರಿಯನ್ನು ನೋಡಿ ತೀರ್ಮಾನಿಸಬೇಕು. ಮರಿ, ಗಬ್ಬದ ಕುರಿ, ಹಾಲೂಡುವ ತಾಯಿ, ಬಡಕಲು ಕುರಿ ಆದರೆ ನಾನು 3ಕ್ಕೂ ಕೊಡುತ್ತೇನೆ.

ನೋಡುವ ಕ್ರಮ ಮುಖ್ಯ. ಬಿಸಿಲ ಬೆಳಕಿನಲ್ಲೇ ನೋಡಬೇಕು. ಮೇಲಿನ ರೆಪ್ಪೆಯಿಂದ ಕಣ್ಣುಗುಡ್ಡೆಯನ್ನು ಮೆತ್ತಗೆ ಒತ್ತಿ, ಕೆಳ ರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆ ಎಳೆದರೆ ಒಳಗಿನ ಪೊರೆ ಉಬ್ಬಿ ಕಾಣುತ್ತದೆ. ಅತಿ ಕೆಂಪಾದ ಜಾಗದ ಬಣ್ಣವನ್ನು ಕೂಡಲೇ ಹೋಲಿಸಬೇಕು. ತಡ ಮಾಡಿದರೆ ತೆರೆದಿಟ್ಟ ಪೊರೆ ಇನ್ನೂ ಕೆಂಪಾಗಿ ಲೆಕ್ಕ ತಪ್ಪುತ್ತದೆ. ಎರಡೂ ಕಣ್ಣು ನೋಡಿ. ಎರಡರಲ್ಲಿ ಬೇರೆ ಬೇರೆ ಬಂದರೆ ಹೆಚ್ಚು ಬಿಳಿಯಾದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ಮೊಬೈಲ್ ಪರದೆಯ ಮೇಲಿನ ಬಣ್ಣ, ಜೆರಾಕ್ಸ್ ಕಾರ್ಡು ನಂಬಬೇಡಿ. ಬಣ್ಣವೇ ಇದರ ಜೀವ. ಅಸಲಿ ಕಾರ್ಡು, ತಿಳಿದವರಿಂದ ಒಂದು ದಿನದ ತರಬೇತಿ, ಎರಡೂ ಬೇಕು.

ಇದರ ದೊಡ್ಡ ಲಾಭ ಏನೆಂದರೆ, ಉತ್ತರ ಅಲ್ಲೇ ಸಿಗುತ್ತದೆ. ಪ್ರಯೋಗಾಲಯ ಬೇಡ, ಕಾಯುವುದು ಬೇಡ. ಹೆಚ್ಚಿನ ಕುರಿಗಳು ಔಷಧವಿಲ್ಲದೆ ಉಳಿಯುವುದರಿಂದ ರೆಫ್ಯೂಜಿಯಾ ತಾನಾಗಿಯೇ ಸಿಗುತ್ತದೆ. ಪ್ರತಿ ಕುರಿಯನ್ನೂ ಕೈಯಲ್ಲಿ ಹಿಡಿಯುವುದರಿಂದ ಕುಂಟು, ಗಾಯ, ಕೆಚ್ಚಲ ಬಾವು ಕೂಡ ಬೇಗ ಕಣ್ಣಿಗೆ ಬೀಳುತ್ತವೆ. ನನಗೆ ಈ ಪದ್ಧತಿ ಇಷ್ಟವಾಗಲು ಇದೂ ಒಂದು ಕಾರಣ.

ಮಿತಿಗಳೂ ಇವೆ, ಅವನ್ನು ಮರೆಮಾಚಬಾರದು. ಇದು ರಕ್ತ ಹೀರುವ ಹುಳುವಿಗೆ ಮಾತ್ರ ಹೊಂದುತ್ತದೆ. ಭೇದಿ ತರುವ ಹುಳುಗಳು ಕಣ್ಣನ್ನು ಬಿಳಿ ಮಾಡುವುದಿಲ್ಲ. ಇನ್ನೊಂದು ಕಡೆ, ಕಣ್ಣು ಬಿಳಿಯಾದರೆ ಕಾರಣ ಹಿಮೋಂಕಸ್ ಒಂದೇ ಆಗಿರಬೇಕಿಲ್ಲ. ಪಿತ್ತಜನಕಾಂಗದ ಚಪ್ಪಟೆ ಹುಳು, ಉಣುಗು, ಹೇನು, ರಕ್ತದ ಪರೋಪಜೀವಿಗಳು ಕೂಡ ಹಾಗೆ ಮಾಡುತ್ತವೆ. ಧೂಳಿನಿಂದ, ಕಣ್ಣು ಬೇನೆಯಿಂದ ರೆಪ್ಪೆ ಕೆಂಪಾಗಿದ್ದರೆ ರಕ್ತಹೀನತೆ ಮುಚ್ಚಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತೇವದ ಬೆಚ್ಚನೆ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ನೋಡಲೇಬೇಕು, ಕಾಟ ಜೋರಿದ್ದರೆ ವಾರಕ್ಕೊಮ್ಮೆ. ತಿಂಗಳಿಗೊಮ್ಮೆ ನೋಡುತ್ತೇನೆ ಎನ್ನುವವರು ಈ ದಾರಿ ಹಿಡಿಯದಿರುವುದೇ ಒಳ್ಳೆಯದು. ಆ ನಡುವೆ ಕುರಿ ಸಾಯುತ್ತದೆ.

ಭೇದಿಯ ಹುಳುಗಳೂ ಇರುವ ಮಂದೆಗೆ ಇದನ್ನೇ ಹಿಗ್ಗಿಸಿ ಐದು ಕಡೆ ನೋಡುವ ಕ್ರಮವಿದೆ. ಮೂಗಿನಲ್ಲಿ ಸಿಂಬಳ ಇದ್ದರೆ ಮೂಗಿನ ನೊಣದ ಹುಳು ಇರಬಹುದು, ಕಣ್ಣಿನಲ್ಲಿ ರಕ್ತಹೀನತೆ, ಗದ್ದದಲ್ಲಿ ಬಾವು, ಬೆನ್ನೆಲುಬು ಮುಟ್ಟಿ ಮೈಮಾಂಸ, ಬಾಲದಲ್ಲಿ ಭೇದಿಯ ಕೊಳೆ. ಒಂದು ಕುರಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ.

ಹಿಕ್ಕೆ ಎಣಿಕೆ

ಮೂರನೆಯ ದಾರಿ ಮೈಕ್ರೋಸ್ಕೋಪಿನದು. ಹೆಚ್ಚಾಗಿ ಬಳಸುವುದು ಮ್ಯಾಕ್‌ಮಾಸ್ಟರ್ ವಿಧಾನ. ಆಸ್ಟ್ರೇಲಿಯಾದ ಮ್ಯಾಕ್‌ಮಾಸ್ಟರ್ ಪ್ರಯೋಗಾಲಯದಲ್ಲಿ ಗಾರ್ಡನ್ ಮತ್ತು ವಿಟ್‌ಲಾಕ್ 1939ರಲ್ಲಿ ಇದನ್ನು ಪ್ರಕಟಿಸಿದರು. 4 ಗ್ರಾಂ ಹಿಕ್ಕೆಯನ್ನು 56 ಮಿಲಿಲೀಟರ್ ಗಾಢ ಉಪ್ಪುನೀರಿನಲ್ಲಿ ಕದಡಿ ಸೋಸುತ್ತಾರೆ. ಮೊಟ್ಟೆಗಳು ಹಗುರ, ಮೇಲೆ ತೇಲುತ್ತವೆ. ಗೆರೆ ಎಳೆದ ಗಾಜಿನ ಎರಡು ಕೋಣೆಗಳಲ್ಲಿ ಕಂಡ ಮೊಟ್ಟೆಗಳನ್ನು 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟು ಎಂದು ಗೊತ್ತಾಗುತ್ತದೆ.

ಹಿಕ್ಕೆಯನ್ನು ನೆಲದಿಂದ ಎತ್ತಬೇಡಿ, ಗುದದಿಂದ ನೇರ ತೆಗೆಯಿರಿ. ತಂಪಾಗಿಡಿ, ಆದರೆ ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಬೇಡಿ. ಬೆಚ್ಚಗಿದ್ದರೆ ಒಂದೇ ದಿನದಲ್ಲಿ ಮೊಟ್ಟೆ ಒಡೆದು ಎಣಿಕೆ ಸುಳ್ಳಾಗುತ್ತದೆ.

ಎಣಿಕೆಯನ್ನು ಒಂದು ಗಡಿ ಸಂಖ್ಯೆಯಂತೆ ಹಿಡಿಯುವುದು ತಪ್ಪು. ಹಿಮೋಂಕಸ್ ಮೊಟ್ಟೆ ಇಡುವುದು ಬಹಳ, ಬೇರೆ ಹುಳುಗಳು ಕಡಿಮೆ. ಎಷ್ಟೋ ಜಾತಿಯ ಮೊಟ್ಟೆಗಳು ನೋಡಲು ಒಂದೇ ತರಹ. ಬಲಿಯದ ಹುಳುಗಳು ಮೊಟ್ಟೆ ಇಡದೆಯೇ ರಕ್ತ ಹೀರುತ್ತವೆ. ಹಾಗಾಗಿ ಒಮ್ಮೆಲೇ ಬಹಳ ಮರಿ ಹುಳು ನುಂಗಿದ ಕುರಿಮರಿ, ಎಣಿಕೆ ಕಡಿಮೆ ಇದ್ದರೂ ಸಾಯಬಹುದು. ಒಂದು ಕುರಿಗೆ ಇಂದು ಔಷಧ ಕೊಡಲೇ ಎಂಬ ಪ್ರಶ್ನೆಗೆ ಎಣಿಕೆಗಿಂತ ಕಣ್ಣೇ ವಾಸಿ.

ಆದರೆ ಒಂದು ಪ್ರಶ್ನೆಗೆ ಎಣಿಕೆ ಬೇಕೇ ಬೇಕು. ನನ್ನ ಔಷಧ ಇನ್ನೂ ಕೆಲಸ ಮಾಡುತ್ತಿದೆಯೇ? ಔಷಧ ಕೊಡುವ ದಿನ 10ರಿಂದ 15 ಕುರಿಗಳ ಎಣಿಕೆ ಮಾಡಿಸಿ. 10ರಿಂದ 14 ದಿನದ ಮೇಲೆ ಅದೇ ಕುರಿಗಳದ್ದು ಮತ್ತೆ ಮಾಡಿಸಿ. ಸರಾಸರಿ 800 ಇದ್ದದ್ದು 40ಕ್ಕೆ ಇಳಿದರೆ 95 ಶೇಕಡಾ ಇಳಿಕೆ. ಅದಕ್ಕಿಂತ ಕಡಿಮೆ ಇಳಿದರೆ ಹುಳು ಔಷಧಕ್ಕೆ ಬಗ್ಗುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ. ವರ್ಷಕ್ಕೊಮ್ಮೆ ಇದನ್ನು ಮಾಡಿಸದೆ ಔಷಧದ ಬಗ್ಗೆ ಏನು ಮಾತಾಡಿದರೂ ಅದು ಬರೀ ಊಹೆ.

ನಿಮಗೆ ಯಾವುದು

ಹಿಮೋಂಕಸ್ ಕಾಟ, ನೂರರೊಳಗಿನ ಮಂದೆ, ಎರಡು ವಾರಕ್ಕೊಮ್ಮೆ ಹಿಡಿದು ನೋಡುವ ಕೈಗಳು ಇವೆ ಎಂದರೆ ಯೋಚನೆಯೇ ಬೇಡ, ಕಣ್ಣಿನ ದಾರಿ ಹಿಡಿಯಿರಿ. ಮಂದೆಯ 10 ಶೇಕಡಾಕ್ಕಿಂತ ಹೆಚ್ಚು ಕುರಿಗಳು 4 ಅಥವಾ 5 ತೋರಿಸಿದರೆ ಪರಿಸ್ಥಿತಿ ಕೈಮೀರುತ್ತಿದೆ ಎಂದರ್ಥ. ಆಗ 3 ಬಂದವಕ್ಕೂ ಕೊಡಿ, ಹುಲ್ಲು ಬದಲಿಸಿ, ಪಶುವೈದ್ಯರನ್ನು ಕರೆಯಿರಿ.

ಮಂದೆ ದೊಡ್ಡದಾಗಿ, ಎಲ್ಲವನ್ನೂ ಹಿಡಿಯಲು ಆಗದಿದ್ದರೆ, ಹಿಕ್ಕೆ ಎಣಿಕೆಯಿಂದ ಗುಂಪಿನ ಮಟ್ಟದಲ್ಲಿ ತೀರ್ಮಾನಿಸಿ. ಮರಿಗಳ ಗುಂಪು, ಈದ ತಾಯಂದಿರ ಗುಂಪು, ಗೊಡ್ಡುಗಳ ಗುಂಪು ಎಂದು ಬೇರೆ ಮಾಡಿ. ಎಲ್ಲಕ್ಕೂ ಕೊಡಲೇಬೇಕಾದ ಸಂದರ್ಭ ಬಂದರೂ ಅತಿ ಗಟ್ಟಿಮುಟ್ಟಾದ ಹತ್ತರಲ್ಲಿ ಒಂದನ್ನಾದರೂ ಬಿಡಿ.

ತಂಪು ಪ್ರದೇಶ, ಭೇದಿ ಹುಳುಗಳದ್ದೇ ಜೋರು ಎಂದರೆ ಕಣ್ಣಿನ ಕಾರ್ಡು ನಿಮಗೆ ಸುಮ್ನೆ ಸಮಾಧಾನ ಕೊಡುತ್ತದೆ ಅಷ್ಟೇ. ಅಲ್ಲಿ ಮರಿಗಳ ತೂಕ ಏರುತ್ತಿದೆಯೇ ನೋಡಿ, ಏರದವಕ್ಕೆ ಕೊಡುವುದು ಸರಿಯಾದ ದಾರಿ.

ಈಯುವ ಸಮಯದ ತಾಯಿ ಕುರಿಗಳ ಮೇಲೆ ಬೇರೆಯೇ ಕಣ್ಣಿಡಬೇಕು. ಆಗ ಅವುಗಳ ಮೈಯ ತಡೆಶಕ್ತಿ ಸಡಿಲಾಗಿ ಹಿಕ್ಕೆಯಲ್ಲಿ ಮೊಟ್ಟೆ ಏರುತ್ತದೆ. ಅದೇ ಹುಲ್ಲಿನ ಮೇಲೆ ಹೊಸ ಮರಿ ಮೊದಲ ಬಾರಿ ಬಾಯಿ ಹಾಕುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಬೇಡ, ಒಳಗಿನ ಮರಿಗೆ ಊನವಾಗಬಹುದು. ಗಬ್ಬದ ಕೊನೆಯ ವಾರಗಳಲ್ಲಿ ಔಷಧದಷ್ಟೇ ಕೆಲಸ ಮಾಡುವುದು ಪ್ರೋಟೀನ್ ಹೆಚ್ಚಿರುವ ಮೇವು. ಹೊಟ್ಟೆ ತುಂಬಿದ ಕುರಿ ಹುಳುವನ್ನು ತಡೆದುಕೊಳ್ಳುತ್ತದೆ.

ಕ್ಯಾಲೆಂಡರಿನಂತೆ ಎಲ್ಲಕ್ಕೂ ಕೊಡುವುದನ್ನು ನಾನು ಒಂದೇ ಕಡೆ ಒಪ್ಪುತ್ತೇನೆ. ಅದು ಹೊರಗಿನಿಂದ ತಂದ ಹೊಸ ಕುರಿಗಳು. ಅವು ಬರುವಾಗ ಬೇರೆಯವರ ಗಟ್ಟಿ ಹುಳುಗಳನ್ನೂ ಹೊತ್ತು ತರುತ್ತವೆ. ಅವನ್ನು ಹುಲ್ಲಿಗೆ ಬಿಡದೆ ಬೇರೆ ಕಟ್ಟಿ, ಬೇರೆ ಬೇರೆ ವರ್ಗದ ಔಷಧ ಕೊಟ್ಟು, 14 ದಿನದ ಮೇಲೆ ಹಿಕ್ಕೆ ಎಣಿಸಿ, ಮೊಟ್ಟೆ ಇಲ್ಲ ಎಂದಾದ ಮೇಲೆ ಮಂದೆಗೆ ಸೇರಿಸಬೇಕು.

ಔಷಧದ ಮಾತು

ಅಂಗಡಿಯಲ್ಲಿ ಹತ್ತಾರು ಹೆಸರು ಇದ್ದರೂ ವರ್ಗಗಳು ಕೆಲವೇ. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಒಂದೇ ವರ್ಗ. ಐವರ್ಮೆಕ್ಟಿನ್, ಮಾಕ್ಸಿಡೆಕ್ಟಿನ್ ಇನ್ನೊಂದು. ಲೆವಾಮಿಸೋಲ್ ಬೇರೆ, ಮೊನೆಪಾಂಟೆಲ್ ಬೇರೆ. ಕ್ಲೋಸಾಂಟೆಲ್ ರಕ್ತ ಹೀರುವ ಹುಳುಗಳಿಗೆ ಮಾತ್ರ, ಅಳತೆ ಮೀರಿದರೆ ಕುರಿ ಕುರುಡಾಗುತ್ತದೆ. ಅಲ್ಬೆಂಡಜೋಲ್ ಸೋತಾಗ ಫೆನ್‌ಬೆಂಡಜೋಲ್ ತಂದರೆ ಔಷಧ ಬದಲಿಸಿದಂತಲ್ಲ. ವರ್ಷಕ್ಕೊಂದು ವರ್ಗ ಬದಲಿಸುವುದಕ್ಕಿಂತ, ಎರಡು ವರ್ಗಗಳನ್ನು ಪೂರ್ತಿ ಅಳತೆಯಲ್ಲಿ ಒಂದೇ ದಿನ ಕೊಡುವುದು ಮೇಲು ಎನ್ನುವ ಕಡೆಗೆ ಸಂಶೋಧನೆ ವಾಲಿದೆ. ಒಂದರಿಂದ ತಪ್ಪಿಸಿಕೊಂಡ ಹುಳುವನ್ನು ಇನ್ನೊಂದು ಕೊಲ್ಲುತ್ತದೆ. ಆದರೆ ಆಗ ರೆಫ್ಯೂಜಿಯಾ ಇರಲೇಬೇಕು. ಇಲ್ಲದಿದ್ದರೆ ಎರಡೂ ವರ್ಗ ಒಟ್ಟಿಗೆ ಹಾಳಾಗುತ್ತವೆ.

ಅಳತೆಯನ್ನು ಗುಂಪಿನ ಸರಾಸರಿ ತೂಕಕ್ಕೆ ಹಾಕಬೇಡಿ. ಸರಾಸರಿಗಿಂತ ಭಾರವಾದ ಪ್ರತಿ ಕುರಿಗೂ ಕಡಿಮೆ ಬೀಳುತ್ತದೆ. ತೂಗಿ ಕೊಡಿ. ಔಷಧವನ್ನು ನಾಲಿಗೆಯ ಬುಡಕ್ಕೆ ಹಾಕಿ, ಆಗ ಅದು ದೊಡ್ಡ ಹೊಟ್ಟೆಗೆ ಇಳಿದು ನಿಧಾನಕ್ಕೆ ಕೆಲಸ ಮಾಡುತ್ತದೆ. ಮೇಕೆಯ ಮೈ ಔಷಧವನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ. ಕುರಿಯ ಅಳತೆ ಮೇಕೆಗೆ ಸಾಲುವುದಿಲ್ಲ, ಆದರೆ ಲೆವಾಮಿಸೋಲ್‌ನಂಥದ್ದರಲ್ಲಿ ಸ್ವಲ್ಪ ಹೆಚ್ಚಾದರೂ ವಿಷ. ಇದನ್ನು ಪಶುವೈದ್ಯರೇ ಹೇಳಬೇಕು. ಹಾಲು, ಮಾಂಸಕ್ಕೆ ಎಷ್ಟು ದಿನ ಬಿಡಬೇಕು ಎಂಬುದನ್ನೂ ಅವರಿಂದಲೇ ತಿಳಿಯಿರಿ.

ಔಷಧದ ಹೊರಗೆ

ಮರಿ ಹುಳುಗಳು ಹೆಚ್ಚಾಗಿ ಹುಲ್ಲಿನ ಬುಡದ 5 ಸೆಂಟಿಮೀಟರ್‌ನಲ್ಲೇ ಇರುತ್ತವೆ. ಹುಲ್ಲು 10 ಸೆಂಟಿಮೀಟರ್‌ಗಿಂತ ಕೆಳಗೆ ಮೇಯುವ ಮೊದಲು ಮಂದೆಯನ್ನು ಬೇರೆ ಕಡೆ ಹೊಡೆದರೆ ಅರ್ಧ ಯುದ್ಧ ಗೆದ್ದಂತೆ. ಟೋಂಗಾ ದ್ವೀಪಗಳಲ್ಲಿ ಮೇಕೆಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಲ್ಲುಗಾವಲನ್ನು ಹತ್ತು ಪಾಲು ಮಾಡಿ, ಒಂದೊಂದರಲ್ಲಿ ಮೂರೂವರೆ ದಿನ ಮಾತ್ರ ಮೇಯಿಸಿದರು. ಬಿಸಿ ತೇವದ ಹವೆಯಲ್ಲಿ ಮರಿ ಹುಳು ಬೇಗ ಹುಟ್ಟಿ ಬೇಗ ಸಾಯುತ್ತದೆ. ಮಂದೆ ತಿರುಗಿ ಬರುವ ಹೊತ್ತಿಗೆ ಹೆಚ್ಚಿನವು ಹೋಗಿರುತ್ತವೆ. ತಂಪು ಪ್ರದೇಶದಲ್ಲಿ ಅವು ತಿಂಗಳುಗಟ್ಟಲೆ ಬದುಕುವುದರಿಂದ ಈ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಕುರಿ ಮೇಯ್ದ ಕಡೆ ಬಲಿತ ದನ ಮೇಯಿಸುವುದು ಎಲ್ಲ ಕಡೆಗೂ ಒಳ್ಳೆಯದು. ಕುರಿಯ ಹುಳು ದನದ ಹೊಟ್ಟೆಯಲ್ಲಿ ಹೆಚ್ಚಾಗಿ ಬೆಳೆಯದೆ ಸಾಯುತ್ತದೆ.

ತಾಮ್ರದ ಆಕ್ಸೈಡ್ ತುಣುಕುಗಳ ಕ್ಯಾಪ್ಸೂಲ್ ಹಿಮೋಂಕಸ್ ಮೇಲೆ ಕೆಲಸ ಮಾಡುತ್ತದೆ, ಬೇರೆ ಹುಳುಗಳ ಮೇಲೆ ಅಷ್ಟಿಲ್ಲ. ಕುರಿಗೆ ತಾಮ್ರ ಬೇಗ ವಿಷವಾಗುವುದರಿಂದ ನಾನು ಅದನ್ನು ಕೈಯಾರೆ ಕೊಡುವ ಧೈರ್ಯ ಮಾಡುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಬಾರ್ಬರ್‌ವ್ಯಾಕ್ಸ್ ಎಂಬ ಲಸಿಕೆ ಬಂತು. ಹುಳುವಿನ ಕರುಳಿನ ಪ್ರೋಟೀನ್‌ಗೆ ಕುರಿಯ ರಕ್ತದಲ್ಲಿ ಪ್ರತಿಕಾಯ ಹುಟ್ಟಿಸುತ್ತದೆ. ರಕ್ತ ಹೀರಿದ ಹುಳುವಿಗೆ ಆ ರಕ್ತವೇ ಮುಳುವಾಗುತ್ತದೆ. ಒಮ್ಮೆ ಹಾಕಿದರೆ ಮುಗಿಯುವುದಿಲ್ಲ, ಋತುವಿನುದ್ದಕ್ಕೂ ಮತ್ತೆ ಮತ್ತೆ ಹಾಕಬೇಕು.

ಹೆಚ್ಚು ಕಾಲ ಉಳಿಯುವ ಲಾಭ ತಳಿಯಿಂದ ಬರುತ್ತದೆ. ಆಫ್ರಿಕಾದ ರೆಡ್ ಮಸಾಯಿ ಕುರಿಗಳು ಹುಳುವನ್ನು ಚೆನ್ನಾಗಿ ತಡೆಯುತ್ತವೆ. ನಿಮ್ಮ ಮಂದೆಯಲ್ಲೂ ಅಂಥ ಕುರಿಗಳು ಇವೆ. ಕಿವಿ ಓಲೆಯ ಸಂಖ್ಯೆ, ನೋಡಿದ ದಿನ, ಕಣ್ಣಿನ ಅಂಕಿ, ಕೊಟ್ಟ ಔಷಧ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಒಂದು ಋತು ಕಳೆದ ಮೇಲೆ ನೋಡಿದರೆ ಕೆಲವೇ ಸಂಖ್ಯೆಗಳು ಮತ್ತೆ ಮತ್ತೆ ಬಂದಿರುತ್ತವೆ. ಮೇವು ಚೆನ್ನಾಗಿದ್ದೂ ಮೂರನೇ ಸಲ ಬಿಳಿ ಕಣ್ಣು ತೋರಿಸಿದ ಕುರಿಗೆ ಔಷಧ ಕೊಟ್ಟು ಉಳಿಸಿಕೊಳ್ಳಿ, ಅದರ ಮರಿಯನ್ನು ಮಾತ್ರ ತಳಿಗೆ ಬಿಡಬೇಡಿ. ಒಂದು ಸಲವೂ ಔಷಧ ಬೇಡದೆ ಬೆಳೆದ ಟಗರು ಯಾವುದು ಎಂದು ಅದೇ ಪುಸ್ತಕದಲ್ಲಿ ಹುಡುಕಿ.